ಶನಿವಾರ ಸಂಜೆಗೇ ಶುರುವಾಗುವ ಭಾನುವಾರ

ನಿಮ್ಮ ಪ್ರಶ್ನೆ, ನಮ್ಮ ಉತ್ತರ

ರಜೆಯ ದಿನ ಮುಗಿಸಬೇಕಾದ ಮನೆಗೆಲಸ, ಒಂದು ದಿನದ ಪ್ರವಾಸ, ಮನೆ ಬದಲಿಸಿದ ಮೇಲಿನ ಕಾಗದಪತ್ರ. ಈ ಸಲ ಬಂದ ಪತ್ರಗಳಲ್ಲಿ ಬಹುಪಾಲು ಇವುಗಳ ಸುತ್ತಲೇ ಇವೆ. ಓದುತ್ತಾ ಹೋದಂತೆ ಒಂದು ಮಾತು ಎದ್ದು ಕಂಡಿತು: ಕೆಲಸ ಕೆಡುವುದು ಭಾನುವಾರ, ಆದರೆ ಅದರ ಕಾರಣ ಇರುವುದು ಹಿಂದಿನ ಸಂಜೆಯಲ್ಲಿ. ಹಾಗಾಗಿ ಉತ್ತರಗಳಲ್ಲಿ ಹಿಂದಿನ ದಿನ ಏನು ಮಾಡಿಟ್ಟಿರಬೇಕು ಎಂಬುದನ್ನೂ ಸೇರಿಸಿದ್ದೇವೆ.

ಪ್ರಶ್ನೆ: ನಮ್ಮದು 4,000 ಲೀಟರಿನ ಸಂಪು. ಎರಡು ವರ್ಷದಿಂದ ತೊಳೆದಿಲ್ಲ. ಈಚೆಗೆ ನೀರಿಗೆ ಕೆಸರಿನ ವಾಸನೆ. ಈ ಭಾನುವಾರ ನಾನೂ ಮಗನೂ ಇಳಿದು ತೊಳೆಯಬೇಕೆಂದಿದ್ದೇವೆ. ಬ್ಲೀಚಿಂಗ್ ಪೌಡರ್ ಎಷ್ಟು ಬೇಕು?
ಓದುಗರು, ತುಮಕೂರು

ಉತ್ತರ: ಪೌಡರಿನ ಲೆಕ್ಕ ಆಮೇಲೆ ಹೇಳುತ್ತೇವೆ. ಮೊದಲು ಇಳಿಯುವ ವಿಚಾರ. ಬಹಳ ದಿನ ಮುಚ್ಚಿಟ್ಟ ಸಂಪಿನೊಳಗೆ ಉಸಿರಾಡಲು ಬೇಕಾದ ಗಾಳಿ ಇಲ್ಲದಿರಬಹುದು, ತಳದ ಕೆಸರು ಕಲಕಿದಾಗ ವಿಷಾನಿಲ ಮೇಲೇಳಬಹುದು. ಇದಕ್ಕೆ ಬಣ್ಣವಿಲ್ಲ, ಎಷ್ಟೋ ಸಲ ವಾಸನೆಯೂ ಇರುವುದಿಲ್ಲ. ಇಳಿದವರು ಕುಸಿದಾಗ ಅವರನ್ನು ಎತ್ತಲು ಮನೆಯವರು ಹಾರುತ್ತಾರೆ, ಎರಡನೆಯ ಜೀವವೂ ಹೋಗುತ್ತದೆ. ಹಾಗಾಗಿ ಒಳಗೆ ಇಳಿಯದೆ ತೊಳೆಯುವುದನ್ನೇ ನಾವು ಹೇಳುವುದು. ಐದಾರು ಅಡಿ ಆಳದ ಸಂಪನ್ನು ಉದ್ದ ಹಿಡಿಯ ಬ್ರಷ್ಷು, ಬಾಡಿಗೆಗೆ ಸಿಗುವ ಚಿಕ್ಕ ಸಬ್‌ಮರ್ಸಿಬಲ್ ಪಂಪು ಇದ್ದರೆ ಮೇಲಿನಿಂದಲೇ ತೊಳೆಯಬಹುದು. ಇಳಿಯಲೇಬೇಕೆಂದಾದರೆ ಅದಕ್ಕೆಂದೇ ಗಾಳಿ ಊದುವ ಸಲಕರಣೆ ಇಟ್ಟುಕೊಂಡಿರುವ ಕೆಲಸಗಾರರನ್ನು ಕರೆಸಿ. ಮೇಣದಬತ್ತಿ ಇಳಿಬಿಟ್ಟು, ಉರಿಯಿತಲ್ಲ ಎಂದು ನಂಬಬೇಡಿ. ದೀಪ ಉರಿಯುವಷ್ಟು ಆಮ್ಲಜನಕ ಇದ್ದ ಕಡೆಯೂ ವಿಷಾನಿಲ ಇರಬಹುದು. ಯಾರಾದರೂ ಒಳಗೆ ಕುಸಿದರೆ ಹಿಂದೆಯೇ ಇಳಿಯದೆ 112ಕ್ಕೆ ಕರೆ ಮಾಡಿ.

ಶನಿವಾರ ಸಂಜೆ ಮೇಲಿನ ಟ್ಯಾಂಕನ್ನು ತುಂಬಿಸಿಕೊಳ್ಳಿ, ಭಾನುವಾರದ ಬಳಕೆಗೆ ಅದೇ ಆಧಾರ. ಆಮೇಲೆ ನಲ್ಲಿಯಿಂದ ಸಂಪಿಗೆ ನೀರು ಬರುವ ವಾಲ್ವ್ ಮುಚ್ಚಿ. ಫುಟ್‌ವಾಲ್ವ್, ಅಂದರೆ ಮೋಟಾರಿಗೆ ನೀರೆಳೆಯುವ ಕೊಳವೆಯ ಕೆಳತುದಿಯ ವಾಲ್ವ್, ಸಾಮಾನ್ಯವಾಗಿ ತಳದಿಂದ ಅರ್ಧ ಅಡಿ ಮೇಲೆ ಇರುತ್ತದೆ. ನೀರು ಅದರ ಮಟ್ಟಕ್ಕೆ ಬರುವ ಮುಂಚೆಯೇ ಮೋಟಾರು ನಿಲ್ಲಿಸಿ. ಇಲ್ಲದಿದ್ದರೆ ಗಾಳಿ ಎಳೆದು ಮತ್ತೆ ಪ್ರೈಮಿಂಗ್ ಮಾಡಬೇಕಾಗುತ್ತದೆ, ಒಣಗಿ ಓಡಿದ ಮೋಟಾರಿನ ಸೀಲ್ ಸುಡುತ್ತದೆ. ಭಾನುವಾರ ಬೆಳಿಗ್ಗೆ ಮೋಟಾರಿನ ಎಂಸಿಬಿ ಸ್ವಿಚ್ಚನ್ನು ಕೆಳಗಿಳಿಸಿದ ಮೇಲೆಯೇ ಮುಚ್ಚಳ ತೆಗೆಯಬೇಕು.

ಉಜ್ಜುವುದು ಮೇಲಿನಿಂದ ಕೆಳಕ್ಕೆ. ತಂತಿ ಬ್ರಷ್ಷು ಸಿಮೆಂಟಿನ ಗಾರೆಯನ್ನು ಕೆರೆದು ತೆಗೆಯುತ್ತದೆ, ಆ ಕೆರೆತದಲ್ಲೇ ಮುಂದೆ ಪಾಚಿ ಕೂರುತ್ತದೆ. ನಾರಿನ ಬ್ರಷ್ಷು ಸಾಕು. ಸೋಪಿನ ಪುಡಿ ಬೇಡ, ನೊರೆಯನ್ನು ಪೂರ್ತಿ ತೆಗೆಯಲು ಇನ್ನೊಂದು ಸಂಪು ನೀರು ಬೇಕಾಗುತ್ತದೆ. ತಳದ ಕೆಸರನ್ನು ಪಂಪಿನಿಂದ ಎಳೆದು ಗಿಡಗಳಿಗೆ ಬಿಡಿ.

ಈಗ ಪೌಡರು. ಗೋಡೆ ತೊಳೆಯಲು 10 ಲೀಟರ್ ಬಕೆಟ್ಟಿಗೆ 2 ಟೀ ಚಮಚ. ನೇರ ಬಕೆಟ್ಟಿಗೆ ಸುರಿಯಬೇಡಿ. ಪ್ಲಾಸ್ಟಿಕ್ ಮಗ್ಗಿನಲ್ಲಿ ಸ್ವಲ್ಪ ನೀರು ಹಾಕಿ ದೋಸೆಹಿಟ್ಟಿನ ಹದಕ್ಕೆ ಕಲಸಿ, ಆಮೇಲೆ ಬಕೆಟ್ಟಿಗೆ ಬೆರೆಸಿ ಕಾಲು ಗಂಟೆ ಬಿಡಿ. ಸುಣ್ಣ ತಳದಲ್ಲಿ ನಿಲ್ಲುತ್ತದೆ, ಮೇಲಿನ ತಿಳಿಯನ್ನಷ್ಟೇ ಗೋಡೆಗೆ ಎರಚಿ. ಕೈಗೆ ಗ್ಲೌಸು, ಮೂಗಿಗೆ ಬಟ್ಟೆ ಇರಲಿ. ಅರ್ಧ ಗಂಟೆ ಬಿಟ್ಟು ಶುದ್ಧ ನೀರಿನಿಂದ ತೊಳೆದು ಎಳೆದುಹಾಕಿ. ಸಂಪು ತುಂಬಿದ ಮೇಲೆ ಕುಡಿಯುವ ನೀರಿನ ಪ್ರಮಾಣ ಬೇರೆ: 1,000 ಲೀಟರಿಗೆ ಎರಡೂವರೆ ಗ್ರಾಂ. ನಿಮ್ಮ ಸಂಪಿಗೆ 10 ಗ್ರಾಂ, ಅಂದರೆ ಎರಡರಿಂದ ಎರಡೂವರೆ ಟೀ ಚಮಚ. ಇದನ್ನೂ ತಿಳಿ ಮಾಡಿಯೇ ಹಾಕಿ, ಒಂದು ಗಂಟೆ ಮೋಟಾರು ಹಾಕಬೇಡಿ. ಗಂಟೆ ಕಳೆದ ಮೇಲೂ ನೀರಿಗೆ ಕ್ಲೋರಿನ್ನಿನ ತೆಳು ವಾಸನೆ ಇದ್ದರೆ ಸರಿಯಾಗಿದೆ. ಏನೂ ವಾಸನೆ ಇಲ್ಲದೆ ಗಂಟುಗಟ್ಟಿದ ಹಳೇ ಪೌಡರಿನಲ್ಲಿ ಸತ್ವ ಉಳಿದಿರುವುದಿಲ್ಲ, ಹೊಸ ಪೊಟ್ಟಣ ತನ್ನಿ.

ಕಲೆ ಹೋಗಲಿಲ್ಲವೆಂದು ಆಸಿಡ್ಡನ್ನೋ ಕಕ್ಕಸು ತೊಳೆಯುವ ದ್ರಾವಣವನ್ನೋ ಬ್ಲೀಚಿಂಗ್ ಪೌಡರಿನ ಜೊತೆ ಬಳಸಲೇಬೇಡಿ. ಎರಡೂ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಸಂಪಿನಂಥ ಗುಂಡಿಯ ಬಳಿ ಅದು ಪ್ರಾಣಾಂತಿಕ.

ತೊಳೆದ ತಿಂಗಳೊಳಗೆ ವಾಸನೆ ಮರಳಿದರೆ ಸಂಪು ಸೀಳು ಬಿಟ್ಟಿರಬಹುದು. ರಾತ್ರಿ 10ಕ್ಕೆ ವಾಲ್ವ್ ಮುಚ್ಚಿ, ಒಣ ಕೋಲೊಂದನ್ನು ತಳ ಮುಟ್ಟುವಂತೆ ಇಳಿಬಿಟ್ಟು, ಒದ್ದೆಯಾದ ಜಾಗಕ್ಕೆ ಗುರುತು ಹಾಕಿ. ಬೆಳಿಗ್ಗೆ 6ಕ್ಕೆ ಮತ್ತೆ ಅಳೆಯಿರಿ. ನಲ್ಲಿ ಬಿಡದೆಯೂ ಮಟ್ಟ ಒಂದು ಬೆರಳು ಇಳಿದಿದ್ದರೆ ನೀರು ಸೋರುತ್ತಿದೆ ಎಂದೇ ಅರ್ಥ. ಒಳಗಿನದು ಹೊರಗೆ ಹೋಗುವ ಸೀಳಿನಲ್ಲಿ, ಸಂಪು ಖಾಲಿಯಾದಾಗ ಹೊರಗಿನ ಕೊಳೆ ಒಳಗೂ ಬರುತ್ತದೆ. ಒಳಚರಂಡಿ ಚೇಂಬರು ಪಕ್ಕದಲ್ಲೇ ಇದ್ದರೆ ತಡಮಾಡದೆ ಗಾರೆಯವರನ್ನು ಕರೆಸಿ. ಮೇಲಿನ ಟ್ಯಾಂಕನ್ನು ಮುಂದಿನ ವಾರ ತೊಳೆಯಿರಿ. ಕೊಳೆ ಸಂಪಿನಿಂದ ಮೇಲೆ ಹೋಗುವುದರಿಂದ ಸಂಪೇ ಮೊದಲು.

ಪ್ರಶ್ನೆ: ಆರು ಜನ ಬೆಂಗಳೂರಿನಿಂದ ಶ್ರವಣಬೆಳಗೊಳಕ್ಕೆ ಹೋಗಿಬರುವವರಿದ್ದೇವೆ. ಮೊಸರನ್ನ, ಪುಳಿಯೋಗರೆ ಕಟ್ಟಿಕೊಂಡು ಹೋಗುವ ಆಸೆ. ಕಳೆದ ಸಲ ಒಂದು ಗಂಟೆಗೆ ಡಬ್ಬಿ ತೆಗೆದರೆ ಮೊಸರನ್ನ ಹುಳಿಯಾಗಿ ಬಾಯಿಗಿಡಲು ಆಗಲಿಲ್ಲ. ಜೊತೆಗೆ ಅಮ್ಮನಿಗೆ 68 ವರ್ಷ, ಮಂಡಿನೋವು. ಬೆಟ್ಟ ಹತ್ತಿಸಬಹುದೇ?
ಗೃಹಿಣಿ, ಬೆಂಗಳೂರು

ಉತ್ತರ: ಬುತ್ತಿಯ ಮೊಸರನ್ನಕ್ಕೆ ಮೊಸರು ಹಾಕಿ ಕಲಸಬಾರದು, ಹಾಲು ಹಾಕಿ ಕಲಸಬೇಕು. ಅನ್ನದಲ್ಲಿರುವ ಹಾಲು ದಾರಿಯಲ್ಲೇ ಹೆಪ್ಪಾಗುತ್ತದೆ, ಊಟದ ಹೊತ್ತಿಗೆ ಅದು ಆಗ ತಾನೇ ಆದ ಮೊಸರು. ಪೂರ್ತಿ ಮೊಸರು ಹಾಕಿದ್ದು ಮುಚ್ಚಿದ ಡಬ್ಬಿಯ ಕಾವಿನಲ್ಲಿ ಆರು ಗಂಟೆ ಹುಳಿಯುತ್ತಲೇ ಇರುತ್ತದೆ.

ಆರು ಜನಕ್ಕೆ 2 ಲೋಟ ಅಕ್ಕಿ ಸಾಕು, ಜೊತೆಗೆ ಪುಳಿಯೋಗರೆಯೂ ಇದೆಯಲ್ಲ. ಅಕ್ಕಿಯ ಮೂರೂವರೆ ಪಾಲು, ಅಂದರೆ 7 ಲೋಟ ನೀರಿಟ್ಟು ಮೆತ್ತಗೆ ಬೇಯಿಸಿ, ಬಿಸಿ ಇರುವಾಗಲೇ ಸೌಟಿನ ಹಿಂಭಾಗದಿಂದ ಮಸೆದುಬಿಡಿ. ಆರಿದ ಅನ್ನ ಮಸೆಯಲು ಬರುವುದಿಲ್ಲ, ಗಂಟು ಉಳಿಯುತ್ತದೆ. ಕಾಯಿಸಿ ಆರಿಸಿದ ಹಾಲು ಎರಡೂವರೆ ಲೋಟ, ಹುಳಿಯಿಲ್ಲದ ಗಟ್ಟಿ ಮೊಸರು ದೊಡ್ಡ ಚಮಚದಲ್ಲಿ 2. ಅನ್ನದೊಳಗೆ ಬೆರಳಿಟ್ಟರೆ ಹಿತವಾದ ಬೆಚ್ಚಗೆ ಇರಬೇಕು. ಅದಕ್ಕಿಂತ ಬಿಸಿಯಾಗಿದ್ದರೆ ಹೆಪ್ಪೇ ಸಾಯುತ್ತದೆ. ಉಪ್ಪನ್ನು ಎಲ್ಲ ಆರಿದ ಮೇಲೆ ಹಾಕಿ. ಸಾಸಿವೆ, ಉದ್ದಿನಬೇಳೆ, ಇಂಗು, ಕರಿಬೇವು, ಹಸಿಮೆಣಸು, ಶುಂಠಿಯ ಒಗ್ಗರಣೆ ಮಾಡಿ, ಅದನ್ನೂ ಆರಿಸಿಯೇ ಸೇರಿಸಿ. ಈರುಳ್ಳಿ, ಸೌತೆಕಾಯಿ ನೀರು ಬಿಡುತ್ತವೆ, ಬೇಡ. ದಾಳಿಂಬೆ ಬೇಕೆಂದರೆ ಬೇರೆ ಪೊಟ್ಟಣದಲ್ಲಿ ಕಟ್ಟಿಕೊಳ್ಳಿ. ಕಲಸಿದಾಗ ಪಾಯಸದಂತೆ ತೆಳ್ಳಗಿರುವುದನ್ನು ನೋಡಿ ಹೆದರಬೇಡಿ, ಅನ್ನ ಹೀರಿಕೊಂಡು ಗಟ್ಟಿಯಾಗುತ್ತದೆ. ಡಬ್ಬಿಯಲ್ಲಿ ಎರಡು ಬೆರಳು ಜಾಗ ಬಿಡಿ.

ಪುಳಿಯೋಗರೆಗೆ ಗೊಜ್ಜನ್ನು ಶನಿವಾರವೇ ಮಾಡಿಡಿ. 2 ಲೋಟ ಅಕ್ಕಿಗೆ ದೊಡ್ಡ ನಿಂಬೆಹಣ್ಣಿನ ಗಾತ್ರದ ಹುಣಸೆ, ಸುಮಾರು 50 ಗ್ರಾಂ. ಗೊಜ್ಜು ಕುದ್ದು ಎಳ್ಳೆಣ್ಣೆ ಅಂಚಿನಲ್ಲಿ ಬಿಟ್ಟುಕೊಳ್ಳುವವರೆಗೂ ಒಲೆಯಿಂದ ಇಳಿಸಬೇಡಿ. ನೀರು ಉಳಿದ ಗೊಜ್ಜೇ ಬೇಗ ಕೆಡುವುದು. ಅನ್ನಕ್ಕೆ ಒಂದಕ್ಕೆ ಎರಡು ನೀರು. ಬೆಂದ ತಕ್ಷಣ ಅಗಲವಾದ ತಟ್ಟೆಗೆ ಹರಡಿ, ಒಂದು ಚಮಚ ಎಳ್ಳೆಣ್ಣೆ, ಚಿಟಿಕೆ ಅರಿಸಿನ ಹಾಕಿ ಪೂರ್ತಿ ಆರಿಸಿ. ಬಿಸಿ ಅನ್ನವನ್ನು ಡಬ್ಬಿಗೆ ತುಂಬಿ ಮುಚ್ಚಿದರೆ ಮುಚ್ಚಳದ ಒಳಗೆ ಹಬೆ ಬೆವರಿ, ಹನಿ ಹನಿಯಾಗಿ ಅನ್ನದ ಮೇಲೇ ಬೀಳುತ್ತದೆ. ಹಳಸುವುದು ಆ ಒದ್ದೆ ಜಾಗದಿಂದ. ಹಸಿ ತೆಂಗಿನತುರಿ ಹಾಕಬೇಡಿ, ಒಣಕೊಬ್ಬರಿ ಹಾಕಿ. ಕಡಲೆಬೀಜ ಮೆತ್ತಗಾಗದಂತೆ ಬೇರೆ ಕಟ್ಟಿ, ಬಡಿಸುವಾಗ ಬೆರೆಸಿ.

ಅನ್ನವನ್ನು ಮಾತ್ರ ಭಾನುವಾರ ಬೆಳಿಗ್ಗೆಯೇ ಮಾಡಬೇಕು. ರಾತ್ರಿಯಿಡೀ ಹೊರಗಿಟ್ಟ ಅನ್ನದಲ್ಲಿ ಬೆಳೆಯುವ ಒಂದು ಬಗೆಯ ಬ್ಯಾಕ್ಟೀರಿಯಾದ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ವಾಂತಿಗೆ ಅದೇ ಕಾರಣವಾಗುತ್ತದೆ. ಇನ್ನೊಂದು ಉಪಾಯ: ಅರ್ಧ ಲೀಟರ್ ಹಾಲಿನ ಪೊಟ್ಟಣವೊಂದನ್ನು ಶನಿವಾರ ರಾತ್ರಿ ಫ್ರೀಜರಿನಲ್ಲಿಟ್ಟು ಕಲ್ಲಾಗಿಸಿ, ಮೊಸರನ್ನದ ಡಬ್ಬಿಯ ಪಕ್ಕದಲ್ಲಿಟ್ಟು ಎರಡನ್ನೂ ದಪ್ಪ ಟವೆಲಿನಲ್ಲಿ ಸುತ್ತಿ. ಬುತ್ತಿಯನ್ನು ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಬಿಟ್ಟುಹೋಗಬೇಡಿ, ಹೆಗಲಿಗೆ ಹಾಕಿಕೊಂಡೋ ನೆರಳಿನಲ್ಲಿಟ್ಟೋ ಹೋಗಿ.

ಈಗ ಬೆಟ್ಟ. ವಿಂಧ್ಯಗಿರಿಗೆ ಬಂಡೆಯಲ್ಲೇ ಕಡಿದ ಮೆಟ್ಟಿಲುಗಳು ಸುಮಾರು 650. ಚಪ್ಪಲಿ ಕೆಳಗೇ ಬಿಡಬೇಕು. ಸಾಕ್ಸ್ ಹಾಕಿಕೊಳ್ಳಬಹುದು, ತಪ್ಪದೆ ಒಯ್ಯಿರಿ. ಬೇಸಿಗೆಯಲ್ಲಿ ಹತ್ತು ಗಂಟೆಯ ಮೇಲೆ ಬಂಡೆ ಕಾವಲಿಯಂತೆ ಕಾಯುತ್ತದೆ, ಇಳಿಯುವಾಗ ಮಕ್ಕಳು ಅಳುವುದು ಅದಕ್ಕೇ. ಎಂಟಕ್ಕೆಲ್ಲ ಹತ್ತಲು ಶುರುಮಾಡುವಂತೆ ಮನೆ ಬಿಡಿ, ದಾರಿ ಸುಮಾರು 145 ಕಿ.ಮೀ. ಮಂಡಿನೋವಿನವರಿಗೆ ಹತ್ತುವುದಕ್ಕಿಂತ ಇಳಿಯುವುದು ಕಷ್ಟ, ಮೈಭಾರವೆಲ್ಲ ಮಂಡಿಯ ಮೇಲೆ ಬೀಳುತ್ತದೆ. ಅಮ್ಮನಿಗೆ ಡೋಲಿ ಮಾಡಿಸಿ. ಕೆಳಗೆ ಹೊರುವವರು ಸಿಗುತ್ತಾರೆ, ಹೋಗಿಬರುವ ದರವನ್ನು ಕೂರುವ ಮೊದಲೇ ಮಾತಾಡಿಕೊಳ್ಳಿ. ಅವರಿಗೆ ಡೋಲಿ ಬೇಡವೆನಿಸಿದರೆ ಊರೊಳಗೆ 1181ರಲ್ಲಿ ಕಟ್ಟಿಸಿದ ಅಕ್ಕನ ಬಸದಿ ಇದೆ. ಇಲ್ಲಿ ಬೆಟ್ಟ ಹತ್ತುವ ಮಾತಿಲ್ಲ. ಕಡೆದ ಕಂಬಗಳ ಹೊಳಪು ನೋಡುತ್ತಾ ತಂಪಾಗಿ ಕೂರಬಹುದು. ಎದುರಿನ ಚಂದ್ರಗಿರಿಯೂ ವಿಂಧ್ಯಗಿರಿಗಿಂತ ತಗ್ಗು, ಮೆಟ್ಟಿಲು ಬಹಳ ಕಡಿಮೆ, ನೋಡಲು ಬಸದಿಗಳು ಬೇಕಾದಷ್ಟಿವೆ. ಅಮ್ಮನ ಮನಸ್ಸನ್ನು ಕೇಳಿಯೇ ತೀರ್ಮಾನಿಸಿ. ಗೊಮ್ಮಟನ ಪಾದ ಮುಟ್ಟಬೇಕೆಂಬ ಆಸೆ ಅವರಿಗಿದ್ದರೆ ಡೋಲಿಯ ಖರ್ಚನ್ನು ಲೆಕ್ಕ ಹಾಕುತ್ತಾ ಕೂರಬೇಡಿ.

ಪ್ರಶ್ನೆ: ನನ್ನದು ಅಂಗಡಿ, ವಾರದ ರಜೆ ಮಂಗಳವಾರ. ಮಗನಿಗೆ ಮೈಸೂರು ಮೃಗಾಲಯ ತೋರಿಸುತ್ತೇನೆಂದು ಮಾತು ಕೊಟ್ಟಿದ್ದೇನೆ.
ವ್ಯಾಪಾರಿ, ಚನ್ನಪಟ್ಟಣ

ಉತ್ತರ: ಮೃಗಾಲಯಕ್ಕೂ ವಾರದ ರಜೆ ಮಂಗಳವಾರವೇ. ಪಕ್ಕದ ಕಾರಂಜಿ ಕೆರೆಯೂ ಅಂದು ಮುಚ್ಚಿರುತ್ತದೆ, ಬನ್ನೇರುಘಟ್ಟದ ಜೈವಿಕ ಉದ್ಯಾನಕ್ಕೂ ಅದೇ ದಿನ ಬಿಡುವು. ಮಂಗಳವಾರವೇ ಹೋಗಬೇಕೆಂದರೆ ಅರಮನೆ ತೆರೆದಿರುತ್ತದೆ. ಪ್ರಾಣಿ ಪಕ್ಷಿಯೇ ಬೇಕೆಂದು ಮಗ ಹಟ ಹಿಡಿದರೆ ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟಿಗೆ ಕರೆದುಕೊಂಡು ಹೋಗಿ. ನಿಮ್ಮೂರಿಗೆ ಮೈಸೂರಿಗಿಂತ ಅದು ಹತ್ತಿರ. ಬೇಸಿಗೆಯಲ್ಲಿ ಗೂಡುಗಳಲ್ಲಿ ಮರಿಗಳಿರುತ್ತವೆ, ಬಂಡೆಗಳ ಮೇಲೆ ಮೊಸಳೆ ಬಿಸಿಲು ಕಾಯಿಸುತ್ತಾ ಮಲಗಿರುತ್ತವೆ. ಮಳೆಗಾಲದಲ್ಲಿ ಕೃಷ್ಣರಾಜಸಾಗರದಿಂದ ಹೆಚ್ಚು ನೀರು ಬಿಟ್ಟಾಗ ದೋಣಿ ನಿಲ್ಲಿಸುತ್ತಾರೆ, ಆ ವಾರ ಹೋಗಬೇಡಿ.

ಪ್ರಶ್ನೆ: ಹುಬ್ಬಳ್ಳಿಯಿಂದ ಬೆಂಗಳೂರಿಗೆ ಮನೆ ಬದಲಿಸಿದ್ದೀವಿ. ಗ್ಯಾಸ್, ಆಧಾರ್, ಮತದಾರರ ಪಟ್ಟಿ, ಯಾವುದು ಮೊದಲು? ಆಧಾರ್ ವಿಳಾಸದ ಅರ್ಜಿ ಒಮ್ಮೆ ತಿರಸ್ಕೃತ ಆಗೇದ.
ದಂಪತಿ, ಬೆಂಗಳೂರು

ಉತ್ತರ: ಊರು ಬಿಡುವ ಮುಂಚೆ ಮಾಡಬೇಕಿದ್ದದ್ದು ಗ್ಯಾಸು ಒಂದೇ, ಆದ್ದರಿಂದ ಅದನ್ನು ಮೊದಲು ಹೇಳುತ್ತೇವೆ. ಬೇರೆ ಊರಿಗೆ ಹೋಗುವಾಗ ಸಿಲಿಂಡರ್ ಮತ್ತು ರೆಗ್ಯುಲೇಟರನ್ನು ಹಳೆಯ ಏಜೆನ್ಸಿಗೇ ಒಪ್ಪಿಸಿ, ಠೇವಣಿ ವಾಪಸು ಪಡೆದು, ಟರ್ಮಿನೇಷನ್ ವೋಚರ್ ತೆಗೆದುಕೊಳ್ಳಬೇಕು. ಹೊಸ ಊರಿನಲ್ಲಿ ಆ ವೋಚರ್ ತೋರಿಸಿ, ಈಗಿನ ಠೇವಣಿ ಕಟ್ಟಿದರೆ ಸಂಪರ್ಕ ಸಿಗುತ್ತದೆ. ಒಲೆ ನಿಮ್ಮದು, ಜೊತೆಗೆ ತರಬಹುದು. ಸಿಲಿಂಡರನ್ನು ಲಾರಿಯಲ್ಲಿ ಸಾಮಾನಿನ ಜೊತೆ ತಂದುಬಿಟ್ಟಿದ್ದರೆ ಹಳೆಯ ಏಜೆನ್ಸಿಯ ಕಾಗದವಿಲ್ಲದೆ ಇಲ್ಲಿ ಯಾರೂ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಬಹುತೇಕ ಏಜೆನ್ಸಿಗಳಿಗೆ ಭಾನುವಾರ ರಜೆ. ಶನಿವಾರ ಬೆಳಿಗ್ಗೆಯೇ ಈ ಕೆಲಸಕ್ಕೆ ಇಟ್ಟುಕೊಳ್ಳಿ.

ಆಧಾರ್ ಅರ್ಜಿ ತಿರಸ್ಕಾರವಾಗಲು ಬಹಳ ಸಲ ಕಾರಣ ಒಂದೇ: ಕೊಟ್ಟ ದಾಖಲೆ ಅರ್ಜಿದಾರರ ಹೆಸರಿನಲ್ಲಿ ಇರುವುದಿಲ್ಲ. ಬಾಡಿಗೆ ಮನೆಯ ಕರೆಂಟು ಬಿಲ್ಲು ಮಾಲೀಕರ ಹೆಸರಿನಲ್ಲಿರುತ್ತದೆ, ಅದು ನಡೆಯುವುದಿಲ್ಲ. ನೋಂದಣಿಯಾದ ಬಾಡಿಗೆ ಕರಾರಿದ್ದರೆ ಅದರಲ್ಲಿ ಯಾರ ಹೆಸರಿದೆಯೋ ಅವರ ವಿಳಾಸವನ್ನು ಮೊದಲು ಬದಲಿಸಿ. ಮನೆ ನಂಬರು, ಅಡ್ಡರಸ್ತೆ, ಪಿನ್‌ಕೋಡು ಕರಾರಿನಲ್ಲಿ ಇರುವ ಹಾಗೇ ತುಂಬಿಸಬೇಕು. ಮನೆಯ ಉಳಿದವರಿಗೆ ಬೇರೆ ದಾಖಲೆ ಹುಡುಕುವ ಕಷ್ಟವಿಲ್ಲ. ಮನೆಯ ಹಿರಿಯರ (ಮೊದಲು ವಿಳಾಸ ಬದಲಿಸಿದವರೇ ಆಗಬಹುದು) ಒಪ್ಪಿಗೆಯ ಮೇಲೆ ವಿಳಾಸ ಬದಲಿಸುವ ದಾರಿ ಆಧಾರ್ ಜಾಲತಾಣದಲ್ಲೇ ಇದೆ. ಗಂಡ ಹೆಂಡತಿಯ ಸಂಬಂಧ ತೋರಿಸುವ ಒಂದು ದಾಖಲೆ, ರೇಷನ್ ಕಾರ್ಡೋ ಮದುವೆ ಪ್ರಮಾಣಪತ್ರವೋ ಇದ್ದರಾಯಿತು. ಅರ್ಜಿ ಹಾಕಿದ ಮೇಲೆ ಹಿರಿಯರು ತಮ್ಮ ಖಾತೆಗೆ ಹೋಗಿ 30 ದಿನದೊಳಗೆ ಒಪ್ಪಿಗೆ ಕೊಡಬೇಕು. ಮರೆತರೆ ಅರ್ಜಿ ಬಿದ್ದುಹೋಗುತ್ತದೆ, ಶುಲ್ಕವೂ ವಾಪಸು ಬರುವುದಿಲ್ಲ.

ಮತದಾರರ ಪಟ್ಟಿಗೆ ನಮೂನೆ 8. ಹೊಸದಾಗಿ ಸೇರುವವರ ನಮೂನೆ 6 ತುಂಬಿದರೆ ಹೆಸರು ಹುಬ್ಬಳ್ಳಿಯಲ್ಲೂ ಬೆಂಗಳೂರಿನಲ್ಲೂ ಉಳಿದು, ಎರಡು ಕಡೆ ಹೆಸರಿದೆ ಎಂಬ ತಕರಾರು ಬರುತ್ತದೆ.

ಪ್ರಶ್ನೆ: ಸಿಲಿಂಡರಿನ ಕೊರಳಿನ ಪಟ್ಟಿಯ ಮೇಲೆ ಬಿ-27 ಎಂದು ಬರೆದಿದೆ. ಏನದು?
ಓದುಗರು, ಚಿತ್ರದುರ್ಗ

ಉತ್ತರ: ಆ ಸಿಲಿಂಡರನ್ನು ಮತ್ತೆ ಪರೀಕ್ಷೆಗೆ ಕಳಿಸಬೇಕಾದ ಗಡುವು. ಎ ಅಂದರೆ ಜನವರಿಯಿಂದ ಮಾರ್ಚ್, ಬಿ ಏಪ್ರಿಲ್‌ನಿಂದ ಜೂನ್, ಸಿ ಜುಲೈನಿಂದ ಸೆಪ್ಟೆಂಬರ್, ಡಿ ಅಕ್ಟೋಬರಿನಿಂದ ಡಿಸೆಂಬರ್. ನಿಮ್ಮದಕ್ಕೆ 2027ರ ಜೂನ್‌ವರೆಗೆ ಅವಧಿ ಇದೆ. ಗಡುವು ಮೀರಿದ್ದನ್ನು ಬಾಗಿಲಲ್ಲೇ ವಾಪಸು ಕಳಿಸಿ. ಅಲ್ಲೇ ಖಾಲಿ ತೂಕವೂ ಬರೆದಿರುತ್ತದೆ. 15.3 ಕೆ.ಜಿ. ಎಂದಿದ್ದರೆ ಅದಕ್ಕೆ 14.2 ಸೇರಿಸಿ, ತುಂಬಿದ ಸಿಲಿಂಡರ್ 29.5 ಕೆ.ಜಿ. ತೂಗಬೇಕು. ತೂಗಿ ತೋರಿಸಿ ಎಂದು ಕೇಳುವುದು ನಿಮ್ಮ ಹಕ್ಕು. ಮುಚ್ಚಳ ತೆಗೆಸಿ ವಾಲ್ವಿನೊಳಗೆ ಕಪ್ಪು ರಬ್ಬರ್ ಉಂಗುರ ಇದೆಯೇ ಎಂದೂ ನೋಡಿ. ಅದು ಹರಿದಿದ್ದರೆ ರೆಗ್ಯುಲೇಟರ್ ಕೂರಿಸಿದಾಗ ಗ್ಯಾಸು ಸೋರುತ್ತದೆ. ಸೋರಿಕೆ ಪತ್ತೆಗೆ ಸೋಪುನೀರು ಹಚ್ಚಿ ಗುಳ್ಳೆ ನೋಡಿ, ಕಡ್ಡಿ ಗೀರಬೇಡಿ. ಕೊಳವೆಯನ್ನು 5 ವರ್ಷಕ್ಕೊಮ್ಮೆ ಬದಲಿಸಿ, ಹೊರಗೆ ಚೆನ್ನಾಗಿ ಕಂಡರೂ ಸರಿ.

ಪ್ರಶ್ನೆ: ಸ್ಕೂಟರನ್ನು ಭಾನುವಾರ ಮಾರುಕಟ್ಟೆಗೆ ಹೋಗಲು ಮಾತ್ರ ತೆಗೆಯುತ್ತೇನೆ. ಪ್ರತಿ ಸಲವೂ ಸೆಲ್ಫ್ ಹೊಡೆದರೆ ಟಕ್ ಟಕ್ ಎಂದು ಸದ್ದು ಬಂದು ಸುಮ್ಮನಾಗುತ್ತದೆ. ಬ್ಯಾಟರಿ ಹಾಕಿಸಿ ಒಂದೂವರೆ ವರ್ಷ ಅಷ್ಟೇ.
ನಿವೃತ್ತ ಶಿಕ್ಷಕರು, ಶಿವಮೊಗ್ಗ

ಉತ್ತರ: ಟಕ್ ಟಕ್ ಸದ್ದು ಬರುತ್ತಿದೆ ಎಂದರೆ ರಿಲೇ ಕೆಲಸ ಮಾಡುತ್ತಿದೆ, ಮೋಟಾರು ತಿರುಗಿಸುವಷ್ಟು ಕರೆಂಟು ಮಾತ್ರ ಸಿಗುತ್ತಿಲ್ಲ. ಹೊಸ ಬ್ಯಾಟರಿ ಕೊಳ್ಳುವ ಮೊದಲು ಟರ್ಮಿನಲ್ ನೋಡಿ. ಬಿಳಿ ಅಥವಾ ಹಸಿರು ಪುಡಿ ಕಟ್ಟಿದ್ದರೆ, ಮೊದಲು ಕಪ್ಪು ತಂತಿ ಆಮೇಲೆ ಕೆಂಪು ತಂತಿ ಬಿಚ್ಚಿ, ಒಂದು ಲೋಟ ಬಿಸಿನೀರಿಗೆ ಒಂದು ಚಮಚ ಅಡುಗೆ ಸೋಡಾ ಕಲಸಿ ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ ಒರೆಸಿ. ಜೋಡಿಸುವಾಗ ಕೆಂಪು ಮೊದಲು, ಕಪ್ಪು ಆಮೇಲೆ. ಸ್ಕ್ರೂ ಬಿಗಿ ಮಾಡಿ ಮೇಲೆ ವ್ಯಾಸಲೀನ್ ಸವರಿ. ಸಡಿಲ ಸ್ಕ್ರೂ ಒಂದರಿಂದಲೇ ಬ್ಯಾಟರಿ ಸತ್ತಿತೆಂದು ಎಸೆದವರು ಬಹಳ.

ಅದಾದ ಮೇಲೂ ಹಾಗೇ ಇದ್ದರೆ ಮೆಕ್ಯಾನಿಕ್ ಬಳಿ ವೋಲ್ಟ್ ಅಳೆಸಿ. ರಾತ್ರಿಯೆಲ್ಲ ನಿಂತ ಗಾಡಿಯಲ್ಲಿ 12.6 ಇದ್ದರೆ ಬ್ಯಾಟರಿ ತುಂಬಿದೆ, 12.2ಕ್ಕಿಂತ ಕಡಿಮೆ ಇದ್ದರೆ ಚಾರ್ಜ್ ಬೇಕು. ಎಂಜಿನ್ ಓಡುವಾಗ ಸುಮಾರು 14 ತೋರಿಸಬೇಕು. ತೋರಿಸದಿದ್ದರೆ ದೋಷ ಇರುವುದು ಚಾರ್ಜ್ ಮಾಡುವ ಭಾಗದಲ್ಲಿ, ಹೊಸ ಬ್ಯಾಟರಿಯೂ ತಿಂಗಳೊಳಗೆ ಇಳಿಯುತ್ತದೆ. ಒಂದು ಸಲ ಸೆಲ್ಫ್ ಹೊಡೆದರೆ ಖರ್ಚಾದದ್ದು ತುಂಬಲು ಗಾಡಿ ಸ್ವಲ್ಪ ದೂರ ಓಡಲೇಬೇಕು. ಅರ್ಧ ಕಿಲೋಮೀಟರಿನ ಮಾರುಕಟ್ಟೆಗೆ ಹೋಗಿಬಂದರೆ ತುಂಬುವುದಿಲ್ಲ, ವಾರವಾರ ಸ್ವಲ್ಪ ಸ್ವಲ್ಪವೇ ಇಳಿಯುತ್ತದೆ. ನಿಲ್ಲಿಸಿಕೊಂಡು ಎಂಜಿನ್ ಓಡಿಸುವುದರಿಂದಲೂ ಹೆಚ್ಚು ಪ್ರಯೋಜನವಿಲ್ಲ. ವಾರದ ಮಧ್ಯೆ ಒಂದು ದಿನ 20 ನಿಮಿಷ ಓಡಿಸಿ. ಗಾಡಿಗೆ ಕಿಕ್ಕರ್ ಇದ್ದರೆ ಬೆಳಗಿನ ಮೊದಲ ಸಲ ಅದನ್ನೇ ಬಳಸಿ. ಸೆಲ್ಫನ್ನು ಒಂದೇ ಸಮನೆ ಐದು ಸೆಕೆಂಡಿಗಿಂತ ಹೆಚ್ಚು ಒತ್ತಬೇಡಿ.

ಪ್ರಶ್ನೆ: ಫೆಬ್ರವರಿಯಲ್ಲಿ ಮಕ್ಕಳೊಂದಿಗೆ ಸಾಗರ, ತೀರ್ಥಹಳ್ಳಿ ಕಡೆಗೆ ಎರಡು ದಿನ ಹೋಗಬೇಕೆಂದಿದ್ದೇವೆ. ಮಂಗನ ಕಾಯಿಲೆಯ ಸುದ್ದಿ ಓದಿ ಹೆದರಿಕೆಯಾಗಿದೆ. ಹೋಗುವುದೋ ಬಿಡುವುದೋ?
ಓದುಗರು, ದಾವಣಗೆರೆ

ಉತ್ತರ: ಹೋಗಿಬನ್ನಿ, ಕಾಡಿನೊಳಗೆ ಅಲೆಯುವುದನ್ನು ಮಾತ್ರ ಬಿಡಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಈ ಕಾಯಿಲೆಯ ಕಾಲ ಡಿಸೆಂಬರಿನಿಂದ ಮೇವರೆಗೆ. ಇದು ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ಹರಡುವುದು ಉಣುಗಿನ ಕಡಿತದಿಂದ. ಈ ತಿಂಗಳುಗಳಲ್ಲಿ ಉಣುಗಿನ ಮರಿ ಎಳ್ಳುಕಾಳಿಗಿಂತ ಚಿಕ್ಕದು, ನೆಲದ ಒಣ ದರಕಿನಲ್ಲಿ, ಅಂದರೆ ಉದುರಿದ ಎಲೆಗಳಲ್ಲಿ ಇರುತ್ತದೆ. ಡಾಂಬರು ರಸ್ತೆ, ದೇವಸ್ಥಾನದ ಅಂಗಳ, ಜೋಗದ ವೀಕ್ಷಣಾ ಕಟ್ಟೆಗಳಲ್ಲಿ ಭಯಕ್ಕೆ ಕಾರಣ ಕಡಿಮೆ. ಊಟಕ್ಕೆಂದು ಕಾಡಿನಂಚಿನಲ್ಲಿ ದರಕಿನ ಮೇಲೆ ಚಾಪೆ ಹಾಸಿ ಕೂರುತ್ತೀರಲ್ಲ, ಅಪಾಯ ಇರುವುದು ಅಲ್ಲಿ.

ಮಕ್ಕಳಿಗೆ ತಿಳಿ ಬಣ್ಣದ ತುಂಬುತೋಳಿನ ಅಂಗಿ, ಉದ್ದ ಪ್ಯಾಂಟು ಹಾಕಿ, ಪ್ಯಾಂಟಿನ ತುದಿಯನ್ನು ಸಾಕ್ಸಿನೊಳಗೆ ಸೇರಿಸಿ. ತಿಳಿ ಬಟ್ಟೆಯ ಮೇಲೆ ಉಣುಗು ಹರಿದರೆ ಕಣ್ಣಿಗೆ ಬೀಳುತ್ತದೆ. ಕಾಯಿಲೆ ಕಾಣಿಸಿಕೊಂಡ ಊರುಗಳಲ್ಲಿ ಆರೋಗ್ಯ ಕೇಂದ್ರದವರು ಉಣುಗನ್ನು ದೂರವಿಡುವ ಡೇಪಾ ತೈಲ ಕೊಡುತ್ತಾರೆ, ಕಾಡಂಚಿನಲ್ಲಿ ಉಳಿದುಕೊಳ್ಳುವುದಾದರೆ ಕೇಳಿ ಪಡೆದು ಕೈಕಾಲಿಗೆ ಹಚ್ಚಿ. ಸಂಜೆ ತಂಗುವ ಜಾಗಕ್ಕೆ ಬಂದ ಕೂಡಲೇ ಬಿಸಿನೀರಿನ ಸ್ನಾನ, ಬಟ್ಟೆಯೂ ಬಿಸಿನೀರಿಗೆ. ಕಿವಿಯ ಹಿಂದೆ, ಕಂಕುಳು, ಸೊಂಟದ ಪಟ್ಟಿ ಕೂರುವ ಜಾಗ, ತೊಡೆಸಂದು, ಮಂಡಿಯ ಹಿಂಬದಿ, ಇಷ್ಟನ್ನು ಬೆಳಕಿನಲ್ಲಿ ನೋಡಿ. ಕಚ್ಚಿಕೊಂಡಿದ್ದರೆ ಸಣ್ಣ ಚಿಮುಟದಿಂದ ಚರ್ಮಕ್ಕೆ ತಾಗುವಷ್ಟು ಹತ್ತಿರ ಹಿಡಿದು, ತಿರುಚದೆ ನೇರ ಮೇಲಕ್ಕೆ ಎಳೆಯಿರಿ. ಸೀಮೆಎಣ್ಣೆ ಹಾಕುವುದು, ಬೆಂಕಿಕಡ್ಡಿ ತಾಗಿಸುವುದು, ಉಗುರಿನಲ್ಲಿ ಹೊಸಕುವುದು, ಯಾವುದೂ ಬೇಡ.

ಸತ್ತ ಮಂಗ ಕಂಡರೆ ಹತ್ತಿರ ಹೋಗಬೇಡಿ. ಆ ಊರಿನ ಪಂಚಾಯ್ತಿಗೋ ಅರಣ್ಯ ಇಲಾಖೆಯವರಿಗೋ ತಿಳಿಸಿ. ಮನೆಗೆ ಮರಳಿದ ಮೂರರಿಂದ ಎಂಟು ದಿನದೊಳಗೆ ಜೋರು ಜ್ವರ, ತಲೆನೋವು, ಸಹಿಸಲಾಗದ ಮೈಕೈನೋವು ಬಂದರೆ ವೈದ್ಯರಿಗೆ ಮೊದಲ ಮಾತಿನಲ್ಲೇ ಮಲೆನಾಡಿಗೆ ಹೋಗಿದ್ದೆವು ಎಂದು ಹೇಳಿ. ಅದನ್ನು ಹೇಳದೆ ಹೋದರೆ ಬೇರೆ ಜ್ವರಗಳ ಪರೀಕ್ಷೆಯಲ್ಲೇ ದಿನ ಕಳೆದುಹೋಗುತ್ತದೆ. ಅಂದಹಾಗೆ, ಫೆಬ್ರವರಿಯಲ್ಲಿ ಜೋಗದಲ್ಲಿ ನೀರು ಸಣ್ಣಗಿರುತ್ತದೆ. ಧಾರೆ ತುಂಬಿ ಬೀಳುವುದನ್ನು ಮಕ್ಕಳಿಗೆ ತೋರಿಸಬೇಕೆಂದಿದ್ದರೆ ಮಳೆಗಾಲದ ಕೊನೆಗೆ ಇನ್ನೊಮ್ಮೆ ಹೋಗಿ. ಆಗ ಉಣುಗಿನ ಬದಲು ಇಂಬಳದ (ಜಿಗಣೆಯ) ಕಾಲ. ಹೊಗೆಸೊಪ್ಪು, ಉಪ್ಪು ಕಟ್ಟಿದ ಬಟ್ಟೆಯ ಗಂಟು ತೋರಿಸಿದರೆ ಅದು ಬಿಟ್ಟುಬೀಳುತ್ತದೆ.

ಪ್ರಶ್ನೆ: ಮಗಳು ಹುಟ್ಟಿ ಮೂರು ತಿಂಗಳು. ಜನನ ಪ್ರಮಾಣಪತ್ರದಲ್ಲಿ ಹೆಸರಿನ ಜಾಗ ಖಾಲಿ ಇದೆ. ಆಧಾರ್ ಈಗಲೇ ಮಾಡಿಸಬೇಕೇ?
ತಂದೆ, ಬಳ್ಳಾರಿ

ಉತ್ತರ: ಅವಸರವಿಲ್ಲ, ಮೊದಲು ಹೆಸರು ಸೇರಿಸಿ. ಹುಟ್ಟಿದ 21 ದಿನದೊಳಗೆ ಆಗಬೇಕಿದ್ದ ನೋಂದಣಿ ಆಗಿದೆ, ಅದು ದೊಡ್ಡ ಕೆಲಸ. ಹೆಸರನ್ನು ನೋಂದಣಿಯಾದ ಒಂದು ವರ್ಷದೊಳಗೆ ಶುಲ್ಕವಿಲ್ಲದೆ ಸೇರಿಸಬಹುದು. ಅರ್ಜಿ ಕೊಡುವಾಗ ತಂದೆ ತಾಯಿಯ ಹೆಸರಿನ ಕಾಗುಣಿತ, ಇನಿಷಿಯಲ್ ನಿಮ್ಮ ಆಧಾರ್‌ನಲ್ಲಿ ಇರುವಂತೆಯೇ ಇದೆಯೇ ಎಂದು ಒಂದೊಂದು ಅಕ್ಷರ ಕೂಡಿಸಿ ಓದಿ. ಶಾಲೆ, ಪಾಸ್‌ಪೋರ್ಟ್ ಎಲ್ಲದಕ್ಕೂ ಈ ಕಾಗದವೇ ತಾಯಿಬೇರು. ಐದು ವರ್ಷದೊಳಗಿನ ಮಗುವಿಗೆ ಆಧಾರ್‌ಗೆ ಬೆರಳಚ್ಚು ತೆಗೆಯುವುದಿಲ್ಲ, ಫೋಟೊ ಮಾತ್ರ. ಬೆರಳಚ್ಚು, ಕಣ್ಣಿನ ಗುರುತನ್ನು 5 ತುಂಬಿದಾಗ ಒಮ್ಮೆ, 15 ತುಂಬಿದಾಗ ಇನ್ನೊಮ್ಮೆ ಕೊಡಬೇಕು. ಕೇಂದ್ರಕ್ಕೆ ಹೋಗುವ ದಿನ ಮಗುವಿಗೆ ಹಾಲು ಕುಡಿಸಿ, ನಿದ್ದೆ ಮುಗಿಸಿ ಕರೆದೊಯ್ಯಿರಿ. ಕಣ್ಣು ತೆರೆದು ನೇರ ನೋಡಿದರೇ ಫೋಟೊ ಸರಿಬರುವುದು.

ಪ್ರಶ್ನೆ: ಭಾನುವಾರದ ಸಂತೆಯಿಂದ ತಂದ ಕೊತ್ತಂಬರಿ ಬುಧವಾರಕ್ಕೆ ಕೊಳೆಯುತ್ತದೆ.
ಗೃಹಿಣಿ, ಗದಗ

ಉತ್ತರ: ತೊಳೆದಿಡುತ್ತಿರಬೇಕು. ಸಂತೆಯಲ್ಲಿ ನೀರು ಚಿಮುಕಿಸಿಯೇ ಮಾರುತ್ತಾರೆ, ಆ ತೇವವನ್ನೂ ತೆಗೆಯಬೇಕು. ಕಟ್ಟು ಬಿಚ್ಚಿ, ಹಳದಿ ಎಲೆ ಆರಿಸಿ, ಬೇರು ಕತ್ತರಿಸಿ, ಫ್ಯಾನಿನ ಕೆಳಗೆ ಬಟ್ಟೆಯ ಮೇಲೆ ಅರ್ಧ ಗಂಟೆ ಹರಡಿ. ಒಣಗಿದ ಹತ್ತಿಬಟ್ಟೆಯಲ್ಲಿ ಸಡಿಲವಾಗಿ ಸುತ್ತಿ ಡಬ್ಬಿಯಲ್ಲಿಟ್ಟು ಫ್ರಿಜ್ಜಿನಲ್ಲಿಡಿ. ಎರಡು ದಿನಕ್ಕೊಮ್ಮೆ ಬಟ್ಟೆ ಮುಟ್ಟಿ ನೋಡಿ, ಒದ್ದೆಯಾಗಿದ್ದರೆ ಬದಲಿಸಿ. ಹತ್ತು ದಿನ ನಿಲ್ಲುತ್ತದೆ. ಹಸಿಮೆಣಸಿನಕಾಯಿಗೆ ತೊಟ್ಟು ಮುರಿದಿಡಿ, ಕೊಳೆಯುವುದು ತೊಟ್ಟಿನ ಬುಡದಿಂದಲೇ. ಆಲೂಗಡ್ಡೆ, ಈರುಳ್ಳಿ ಒಂದೇ ಬುಟ್ಟಿಯಲ್ಲಿ ಬೇಡ, ಒಂದರ ತೇವಕ್ಕೆ ಇನ್ನೊಂದು ಮೊಳೆಯುತ್ತದೆ.